ತಲೆಕೆಳಗಾಗಿ ಹಿಡಿದ ಮುಖ

ಐದು ನಿಮಿಷದ ಕೆಲಸವಂತೆ. ಮ್ಯೂಸಿಯಮ್ಮಿನ ಹುಡುಗಿ ಲಾಸ್ಮಾ ನಿನ್ನೆ ಫೋನಿನಲ್ಲಿ ಹಾಗೆಂದದ್ದು ಬೆಳಗಿನ ಕಾಫಿಯ ಜೊತೆಗೂ ಗಂಟಲಲ್ಲಿ ಇಳಿಯದೆ, ಟ್ರಾಮು ಹತ್ತಿದ ಮೇಲೂ ಔಸ್ಮಾಳನ್ನು ಬಿಡದೆ ಕಾಡುತ್ತಿತ್ತು. ಒದ್ದೆ ಹತ್ತಿಯಿಂದ ಒರೆಸಿದರೆ ಮೇಲಿನ ಬಣ್ಣ ಹೋಗುತ್ತದೆ, ಕೆಳಗಿರುವ ಯೂನಿಫಾರ್ಮು ಕಾಣುತ್ತದೆ, ಬಳಿದವರು ನೀವೇ ಅಲ್ಲವಾ ಮೇಡಂ, ನಿಮಗಿಂತ ಚೆನ್ನಾಗಿ ಇನ್ಯಾರು ತೆಗೆದಾರು. ತೆಗೆದಾರು! ಸತ್ತವನೊಬ್ಬನಿಗೆ ನಲವತ್ತಾರು ವರ್ಷದ ಹಿಂದೆ ಫೋಟೋದಲ್ಲಿ ಕೋಟು ತೊಡಿಸಿದ ಕೈಯಿಂದಲೇ ಈಗ ಅದನ್ನು ಬಿಚ್ಚಿಸಬೇಕು, ಅದೂ ಅವನ ಮಗಳು ಹೆರ್ತಾ ಪಕ್ಕದಲ್ಲಿ ಕೂತು ನೋಡುತ್ತಿರುವಾಗ. ಆಗುವುದಿಲ್ಲ ಎಂದು ಒಂದು ಮಾತು ಹೇಳಿ ಫೋನು ಇಟ್ಟಿದ್ದರೆ ಮುಗಿದಿತ್ತು. ಆದರೆ ಅವಳ ಬಾಯಿಂದ ಬಂದದ್ದು, ಎಷ್ಟು ಗಂಟೆಗೆ ಬರಲಿ? ಔಸ್ಮಾಳಿಗೆ ತನ್ನ ಮೇಲೆಯೇ ರೇಗಿತು. ಟ್ರಾಮಿನ ತುಂಬ ಹೂಗಿಡದ ಕುಂಡಗಳು, ಪ್ಲಾಸ್ಟಿಕ್ ಚೀಲಗಳು, ಮರಳು ಬಾಚುವ ಹಲ್ಲಿನ ಕೋಲುಗಳು. ನಾಳೆ ಭಾನುವಾರ ಸ್ಮಶಾನದ ಹಬ್ಬ. ಪಾದ್ರಿ ಬರುವ ಮೊದಲು ತಮ್ಮ ತಮ್ಮವರ ಗೋರಿಯ ಮುಂದಿನ ಮರಳನ್ನು ಬಾಚಿ ಗೆರೆ ಮೂಡಿಸಬೇಕೆಂದು ಇಡೀ ಊರೇ ಹೊರಟ ಹಾಗಿತ್ತು. ಎದುರಿಗೆ ನಿಂತಿದ್ದ ಹೆಂಗಸಿನ ಬಾಚುಕೋಲು ಟ್ರಾಮು ತಿರುಗಿದಾಗಲೆಲ್ಲ ಔಸ್ಮಾಳ ಮೊಣಕಾಲಿಗೆ ತಾಗುತ್ತಿತ್ತು. ಆ ಹೆಂಗಸು ಒಂದು ಸಲವೂ ಕ್ಷಮಿಸಿ ಎನ್ನಲಿಲ್ಲ. ಔಸ್ಮಾ ತೊಡೆಯ ಮೇಲಿದ್ದ ತಗಡಿನ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಹತ್ತಿ, ಮೂರು ಕುಂಚ, ಬಣ್ಣದ ಒಣಗಿದ ಬಿಲ್ಲೆಗಳು. ಒರೆಸುವುದಕ್ಕೆ ಹೋಗುವವಳಿಗೆ ಕುಂಚ ಯಾಕೆ ಬೇಕಿತ್ತೋ.

ಸೇತುವೆಯ ಮೇಲಿಂದ ಬಂದರಿನಲ್ಲಿ ಬೂದು ಬಣ್ಣದ ಎರಡು ಯುದ್ಧನೌಕೆ ಕಂಡವು. ಇವು ಈಗಿನ ಸ್ನೇಹಿತರದು. ಆ ಜಾಗದಲ್ಲೇ ಹಿಂದೆ ನಿಲ್ಲುತ್ತಿದ್ದ ನೌಕೆಗಳದ್ದೂ ಇದೇ ಬೂದು ಬಣ್ಣ, ಅವರೂ ಸ್ನೇಹಿತರೇ ಎಂದು ಶಾಲೆಯಲ್ಲಿ ಹಾಡಿಸುತ್ತಿದ್ದರು. ಈ ಊರಿಗೆ ಯಾರು ಬಂದರೂ ಮೊದಲು ಹೆಸರು ಬದಲಿಸುತ್ತಿದ್ದರು, ಆಮೇಲೆ ಗಂಡಸರ ಅಂಗಿ ಬದಲಿಸುತ್ತಿದ್ದರು. ಔಸ್ಮಾ ಕೆಲಸ ಮಾಡುತ್ತಿದ್ದ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಹಳೆಯ ಫೋಟೋಗಳ ಒಂದು ಪೆಟ್ಟಿಗೆ ಇತ್ತು. ಕಾರ್ಡು ತಿರುಗಿಸಿದರೆ ಒಂದರ ಬೆನ್ನಿಗೆ ಜರ್ಮನ್ ಅಕ್ಷರದಲ್ಲಿ ಲಿಬಾವ್, ಇನ್ನೊಂದಕ್ಕೆ ರಷ್ಯನ್ ಅಕ್ಷರದಲ್ಲಿ ಲಿಬಾವಾ, ಮತ್ತೊಂದಕ್ಕೆ ನಮ್ಮದೇ ಭಾಷೆಯಲ್ಲಿ ಲಿಯೆಪಾಯಾ, ಆಮೇಲೆ ಪುನಃ ಲಿಬಾವ್. ಕಾರ್ಡಿನಲ್ಲಿ ಕೂತ ಕುರ್ಚಿ ಮಾತ್ರ ಅದೇ, ಹಿಂದಿನ ಪರದೆಯ ಮೇಲಿನ ಬರ್ಚ್ ಮರವೂ ಅದೇ. ರಷ್ಯದ ಚಕ್ರವರ್ತಿ ಸಮುದ್ರದ ದಂಡೆಯ ಉದ್ದಕ್ಕೂ ಕೋಟೆ ಕಟ್ಟಿಸಿ, ಒಂದು ಗುಂಡನ್ನೂ ಹಾರಿಸದೆ, ಶತ್ರು ಬರುವ ಮೊದಲೇ ತಾನೇ ಅದನ್ನು ಸಿಡಿಸಿಕೊಂಡ ಊರು ಇದು. ಇನ್ನೊಂದು ಯುದ್ಧದಲ್ಲಿ ಕೊನೆಯ ದಿನದ ತನಕ ಬೀಳದೆ ನಿಂತು, ಎಲ್ಲ ಮುಗಿದ ಮರುದಿನ ಬಾಗಿಲು ತೆರೆದದ್ದೂ ಇದೇ. ಇಂಥ ಊರಿನ ಗಂಡಸರ ಫೋಟೋ ತಿದ್ದುವವಳಿಗೆ ಕೆಲಸಕ್ಕೇನು ಬರ. ಔಸ್ಮಾ ಕೆಲಸಕ್ಕೆ ಸೇರಿದಾಗ ಬಂದರು ಸೋವಿಯತ್ ನೌಕಾಪಡೆಯದು. ಬೆಳಿಗ್ಗೆ ಅಮ್ಮನಿಗೆ ಫೋಟೋ ಕಳಿಸಲು ಬಂದ ನಾವಿಕ ಹುಡುಗರ ಮೊಡವೆ ಅಳಿಸಿ, ಅವರ ಗುಂಡಿಗಳಿಗೆ ಹೊಳಪು ಕೊಡಬೇಕು. ಮಧ್ಯಾಹ್ನ ಊರಿನ ಹೆಂಗಸರು ಸೆರಗಿನಲ್ಲಿಟ್ಟುಕೊಂಡ ಹಾಗೆ ಅಡಗಿಸಿ ತಂದ ಹಳೆಯ ಕಾರ್ಡುಗಳಲ್ಲಿನ ಯೂನಿಫಾರ್ಮಿನ ಗುಂಡಿಗಳನ್ನು ಬ್ಲೇಡಿನಿಂದ ಹೆರೆದು, ಮೇಲೆ ಬೂದು ಕೋಟು, ಬಿಳಿ ಕಾಲರು, ಟೈ. ಎಲ್ಲರಿಗೂ ಒಂದೇ ಕೋಟು. ಕೆಲಸ ಕಲಿಸಿದ ಎಲ್ಫ್ರೀಡಾ ಮೊದಲ ದಿನವೇ ಕಾರ್ಡನ್ನು ತಲೆಕೆಳಗಾಗಿ ತಿರುಗಿಸಿ ಮೇಜಿನ ಮೇಲೆ ಪಿನ್ನು ಚುಚ್ಚಿದ್ದಳು. "ಯಾವಾಗ್ಲೂ ಹೀಗೇ ಇಟ್ಕೋ ಮಗಳೇ. ಆಗ ಅದು ಮನುಷ್ಯ ಅಲ್ಲ, ಬರೀ ಕಪ್ಪು ಬಿಳುಪು. ಕೈ ನಡುಗಲ್ಲ. ನಾಳೆ ಯಾರಾದ್ರೂ ಬಂದು ಏನು ನೋಡ್ದೆ ಅಂತ ಕೇಳಿದ್ರೆ, ಏನೂ ನೋಡ್ಲಿಲ್ಲ ಅನ್ನು. ಸುಳ್ಳೂ ಆಗಲ್ಲ."

ಹೆರ್ತಾಳ ತಾಯಿ ಲೀಬಾ ಬಂದದ್ದು ಎಪ್ಪತ್ತಮೂರರ ಚಳಿಗಾಲದಲ್ಲಿ. ಕೈಗವಸಿನೊಳಗಿಂದ ಕಾರ್ಡು ತೆಗೆದು, ಇದರ ನಕಲು ಬೇಡ, ಇದನ್ನೇ ತಿದ್ದಿಕೊಡಿ, ನಿಮ್ಮಲ್ಲೂ ಏನೂ ಉಳಿಯಬಾರದು ಎಂದಿದ್ದಳು. ಗಂಡ ಆನ್ಸಿಸ್ ಯುದ್ಧದ ಕೊನೆಯ ವರ್ಷ ಮನೆಯಿಂದ ಹೋದವನು, ತಿರುಗಿ ಬರಲಿಲ್ಲ. ಎಲ್ಲಿ ಸತ್ತ, ಯಾವ ಕಡೆಯವರ ಗುಂಡೇಟಿಗೆ ಸತ್ತ, ಸತ್ತನೋ ಇಲ್ಲವೋ, ಗೊತ್ತಿಲ್ಲ. ಉಳಿದ ಫೋಟೋ ಇದೊಂದೇ. ತಾನು ಸತ್ತರೆ ಗೋರಿಕಲ್ಲಿನ ಮೇಲೆ ತನ್ನ ಪಕ್ಕದಲ್ಲಿ ಅವನ ಮುಖವೂ ಇರಬೇಕು, ಯಾರೂ ಬೆರಳು ತೋರಿಸದ ಹಾಗಿರಬೇಕು. ಔಸ್ಮಾ ಕಾರ್ಡು ತೆಗೆದುಕೊಂಡವಳೇ ತಲೆಕೆಳಗು ಮಾಡಿದಳು. ಎಷ್ಟು ಬೇಗ ತಿರುಗಿಸಿದ್ದಳೆಂದರೆ ಅದು ಯಾವ ಸೈನ್ಯದ ಕಾಲರು ಎಂದು ಅವಳು ಇವತ್ತು ತಲೆ ಚಚ್ಚಿಕೊಂಡರೂ ನೆನಪಾಗುವುದಿಲ್ಲ. ಭುಜ ಹೆರೆದಳು, ಗುಂಡಿ ಹೆರೆದಳು, ಕಾಲರಿನ ಪಟ್ಟಿಗೆ ಬಂದಳು. ಅಷ್ಟರಲ್ಲಿ ಬಂದರಿನಲ್ಲಿ ಯಾವುದೋ ನೌಕೆಯ ಸೈರನ್ನು ಕೂಗಿತು. ದಿನವೂ ಕೂಗುವುದೇ, ಆದರೂ ಅವತ್ತು ಕೈ ಬೆಚ್ಚಿತು. ಬ್ಲೇಡು ಕಾಲರಿನಿಂದ ಗಲ್ಲ ದಾಟಿ ಬಾಯಿಯ ಮೇಲೆ ಒಂದು ಗೆರೆ ಎಳೆದು ನಿಂತಿತು. ಬಾಯಿ ಇದ್ದಲ್ಲಿ ಬಿಳಿ ಕಾಗದ. ಎಲ್ಫ್ರೀಡಾ ಊಟಕ್ಕೆ ಹೋಗಿದ್ದಳು. ಔಸ್ಮಾಳಿಗೆ ಇಪ್ಪತ್ತಮೂರು ವರ್ಷ, ಕಿವಿಯೆಲ್ಲ ಬಿಸಿಯಾಗಿ ಹೋಗಿತ್ತು. ಸತ್ತವನ ಬಾಯಿ ಹೇಗಿತ್ತೆಂದು ಅವಳು ನೋಡಿಯೇ ಇರಲಿಲ್ಲ. ಅವಳಿಗೆ ತಲೆಕೆಳಗಾಗಿ ಚೆನ್ನಾಗಿ ಗೊತ್ತಿದ್ದ ಗಂಡಸಿನ ಬಾಯಿ ಲೋಕದಲ್ಲಿ ಒಂದೇ. ಮೀನಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಅಡುಗೆಮನೆಯ ಬೆಂಚಿನ ಮೇಲೆ ಉದ್ದಕ್ಕೆ ಮಲಗಿಬಿಡುತ್ತಿದ್ದ. ಅವಳು ಅವನ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಆಲೂಗಡ್ಡೆ ಹೆರೆಯುತ್ತಿದ್ದಳು. ಮೇಲ್ದುಟಿ ತೆಳ್ಳಗೆ, ಕೆಳತುಟಿ ಒಂದು ಕಡೆ ಕೊಂಚ ಜಾರಿದ್ದು, ಏನೋ ತಮಾಷೆ ಹೇಳಲು ಹೊರಟು ಬೇಡವೆಂದು ಬಿಟ್ಟ ಹಾಗೆ. ಕುಂಚ ತಾನಾಗಿಯೇ ಹೋಯಿತು. ಸಂಜೆ ಲೀಬಾ ಬಂದು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಾಗಿಲ ತನಕ ಹೋಗಿ ತಿರುಗಿ, "ಒಣಗಿದೆಯಾ?" ಎಂದು ಮಾತ್ರ ಕೇಳಿದಳು. ಒಣಗಿದೆ ಎಂದಳು ಔಸ್ಮಾ.

ಮರುವರ್ಷವೇ ಲೀಬಾ ತೀರಿಕೊಂಡಳು. ಕಾರ್ಡಿನ ಚಿತ್ರವನ್ನು ಪಿಂಗಾಣಿಯ ಬಿಲ್ಲೆಯ ಮೇಲೆ ಮೂಡಿಸಿ ಗೋರಿಕಲ್ಲಿಗೆ ಅಂಟಿಸಿದರು. ಆರು ವರ್ಷ ಕಳೆದು ಔಸ್ಮಾಳ ಅಪ್ಪ ಮಿಕೆಲಿಸ್ ಸತ್ತ. ಮನೆಯಲ್ಲಿ ಅವನ ಒಂದು ಫೋಟೋವೂ ಇರಲಿಲ್ಲ. ಮಗಳು ಸ್ಟುಡಿಯೋದಲ್ಲಿದ್ದೂ ಅವನು ಒಂದು ಸಲವೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಯುದ್ಧದ ಒಂದು ಶರತ್ಕಾಲದಲ್ಲಿ ಒಂದು ಸೈನ್ಯದವರು ಹಿಡಿದು ಅಂಗಿ ತೊಡಿಸಿದರು, ಮುಂದಿನ ವಸಂತದಲ್ಲಿ ಇನ್ನೊಂದು ಸೈನ್ಯದವರು ಹಿಡಿದು ಅದನ್ನು ಬಿಚ್ಚಿಸಿ ಎದುರಿನಿಂದೊಂದು ಪಕ್ಕದಿಂದೊಂದು ಫೋಟೋ ತೆಗೆದು ಕ್ಯಾಂಪಿಗೆ ಕಳಿಸಿದರು. "ಅವರು ತೆಗ್ದಿದ್ದೇ ಸಾಕು, ಚೆನ್ನಾಗಿ ಬಂದಿರತ್ತೆ," ಎನ್ನುತ್ತಿದ್ದ. ಎರಡೂ ಕಡೆ ಬಾರ್ಲಿ ಗಂಜಿ ಒಂದೇ, ಎರಡನೆಯದರಲ್ಲಿ ಮರಳು ಸ್ವಲ್ಪ ಜಾಸ್ತಿ ಎಂದೂ ಹೇಳುತ್ತಿದ್ದ. ಪಾಸ್‌ಪೋರ್ಟಿನಲ್ಲಿದ್ದ ಒಂದು ಚಿತ್ರವನ್ನು, ಸಾವು ದಾಖಲಿಸುವಾಗ ಪಾಸ್‌ಪೋರ್ಟಿನ ಜೊತೆಗೇ ಕಚೇರಿಯವರು ಇಟ್ಟುಕೊಂಡರು. ಔಸ್ಮಾ ಎರಡು ಸಲ ಹೋಗಿ ಕೇಳಿದಳು. ಕಿಟಕಿಯಾಚೆಯ ಹೆಂಗಸು, "ಇದು ಫೋಟೋ ಅಂಗಡಿ ಅಲ್ಲಮ್ಮ," ಎಂದಿದ್ದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕಿದ್ದರು. ಆ ವರ್ಷದ ಸ್ಮಶಾನದ ಹಬ್ಬದಲ್ಲಿ, ಅಪ್ಪನ ಹೊಸ ಗೋರಿಗೆ ಮರಳು ಹಾಕಿ ತಿರುಗಿ ಬರುವಾಗ, ಲೀಬಾಳ ಕಲ್ಲಿನ ಮೇಲೆ ಅಪ್ಪನ ಬಾಯಿ ಕಂಡಿತು. ಅಂದಿನಿಂದ ಪ್ರತಿ ವರ್ಷ ಅವಳು ಆ ದಾರಿಯಲ್ಲೇ ಬರುತ್ತಾಳೆ. ಹತ್ತಿರ ಹೋಗುವ ಹಾಗಿಲ್ಲ, ಹೆರ್ತಾ ಬಾಚಿದ ಮರಳು ಕಲ್ಲಿನ ಸುತ್ತ ನಾಲ್ಕು ಹೆಜ್ಜೆಯಷ್ಟು ಇರುತ್ತದೆ. ಬೇರೆಯವರ ಬಾಚಿದ ಮರಳಿಗೆ ಕಾಲಿಡುವುದೆಂದರೆ ಮದುವೆಮನೆಯ ಊಟದ ಮೇಜಿಗೆ ಕಾಲಿಟ್ಟ ಹಾಗೆ. ದಾರಿಯಲ್ಲೇ ನಿಂತು, ಚೀಲ ಸರಿಮಾಡಿಕೊಳ್ಳುವವಳ ಹಾಗೆ ನಟಿಸಿ, ನೋಡಿ ಹೋಗುತ್ತಾಳೆ. ಒಂದು ಸಲ ಹೆರ್ತಾಳ ಮೊಮ್ಮಗ ರೈವಿಸ್ ಅಲ್ಲೇ ಬನ್ನು ತಿನ್ನುತ್ತ ನಿಂತಿದ್ದ. "ನೋಡು ಔಸ್ಮಾ, ಇವನ ತುಟಿ ನೋಡು, ಥೇಟ್ ಮುತ್ತಜ್ಜಂದೇ!" ಎಂದು ಹೆರ್ತಾ ಅವನ ಗಲ್ಲ ಹಿಡಿದು ತಿರುಗಿಸಿದ್ದಳು. ಹೌದು, ಥೇಟ್ ಎಂದಿದ್ದಳು ಔಸ್ಮಾ. ಈ ಚಳಿಗಾಲದಲ್ಲಿ ಹಿಮಕ್ಕೆ ಪಿಂಗಾಣಿ ಬಿರುಕು ಬಿಟ್ಟಿದೆ. ಒರೆಸಿದ ಕಾರ್ಡಿನಿಂದ ಹೊಸ ಬಿಲ್ಲೆ ಮಾಡಿಸಿ ಹಳೆಯದನ್ನು ಕಿತ್ತು ಹಾಕುತ್ತಾರಂತೆ. ಐದು ನಿಮಿಷದ ಕೆಲಸ. ಅಪ್ಪನದೆಂದು ಉಳಿದದ್ದು ಅಷ್ಟೇ, ಅರ್ಧ ಬೆರಳಗಲದ ಬಣ್ಣ, ಅದೂ ಪರರ ಮುಖದಲ್ಲಿ.

ಮ್ಯೂಸಿಯಮ್ಮಿನ ಬಾಗಿಲಲ್ಲೇ ಲಾಸ್ಮಾ ಸಿಕ್ಕಳು. ಮೂವತ್ತು ದಾಟಿರದ, ಮಾತಿಗೊಂದು ಸಲ ಕೂದಲು ಹಿಂದಕ್ಕೆ ತಳ್ಳಿಕೊಳ್ಳುವ ಹುಡುಗಿ. ಊರಿನ ಸೈನಿಕರ ಪ್ರದರ್ಶನ ಮುಂದಿನ ವಾರ ತೆರೆಯಬೇಕು. ಐದು ಗೋಡೆಗಳನ್ನು ತೋರಿಸಿದಳು. ಚಕ್ರವರ್ತಿಯವರು, ಗಣರಾಜ್ಯದವರು, ಜರ್ಮನ್ನರ ಕಡೆ ಹೋದವರು, ಕೆಂಪು ಸೈನ್ಯದವರು, ಈಗಿನವರು. ಈಗಿನವರ ಗೋಡೆಯಲ್ಲಿ ಗೃಹರಕ್ಷಕ ದಳದ ಹಸಿರು ಅಂಗಿಯಲ್ಲಿ ರೈವಿಸ್ ದೊಡ್ಡದಾಗಿ ನಗುತ್ತಿದ್ದ. "ಮುತ್ತಜ್ಜನನ್ನು ಯಾವ ಗೋಡೆಗೆ ಹಾಕೋದು ಅಂತ ಗೊತ್ತಾದ್ರೆ ಒಂದು ದಾರ ಎಳೆದು ಇಬ್ರನ್ನೂ ಸೇರಿಸ್ತೀನಿ ಮೇಡಂ. ಒಂದೇ ಬಾಯಿ, ಎರಡು ಯೂನಿಫಾರ್ಮ್. ಜನ ಅಲ್ಲೇ ನಿಂತುಬಿಡ್ತಾರೆ." ಮೊಳೆ ಆಗಲೇ ಎಲ್ಲ ಗೋಡೆಗೂ ಒಂದೊಂದು ಹೊಡೆದಿಟ್ಟಿದ್ದಳು. ಒಳಕೋಣೆಯ ಮೇಜಿನ ಮುಂದೆ ಹೆರ್ತಾ ಕೋಟನ್ನೂ ಬಿಚ್ಚದೆ ಕೂತಿದ್ದಳು. ಎಪ್ಪತ್ತೊಂಬತ್ತು ವರ್ಷ, ನೆಟ್ಟಗಿನ ಬೆನ್ನು, ಗೋಡೆಗೆ ಒರಗಿಸಿಟ್ಟ ಬಾಚುಕೋಲು. ಇಲ್ಲಿಂದ ನೇರ ಸ್ಮಶಾನಕ್ಕೆ.

"ಬಾ ಬಾ. ನೀನೇ ಬಳ್ದಿದ್ದು, ನೀನೇ ಒರ್ಸು. ಕೂಲಿ ಎರಡು ಸಲ ಸಿಗತ್ತೆ," ಎಂದಳು ಹೆರ್ತಾ.

"ಕೂಲಿ ಏನೂ ಬೇಡ," ಎಂದಳು ಔಸ್ಮಾ. ಮಾತು ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಹೆರ್ತಾ, ಇದೆಲ್ಲ ಯಾಕೆ ಈಗ? ಇಷ್ಟು ವರ್ಷ ಕೋಟಿನಲ್ಲಿ ಇದ್ರಲ್ಲ ಅವರು. ಚೆನ್ನಾಗೇ ಇದ್ರು."

"ಗುಂಡಿ ನೋಡ್ಬೇಕು ನನಗೆ." ಹೆರ್ತಾ ತನ್ನ ಬಲಗೆನ್ನೆಯನ್ನು ಬೆರಳಿನಿಂದ ಒತ್ತಿ ತೋರಿಸಿದಳು. "ಹೋಗೋ ದಿನ ಎತ್ಕೊಂಡಿದ್ರು. ಇಲ್ಲಿ ಒತ್ತಿತ್ತು ಗುಂಡಿ, ತಣ್ಣಗೆ. ಅಪ್ಪಂದು ಅಂತ ನನಗೆ ನೆನಪಿರೋದು ಅದೊಂದೇ. ಮುಖ ನೆನಪಿಲ್ಲ, ಫೋಟೋದಲ್ಲಿ ನೋಡಿದ್ದು, ಅದೂ ನೀನು ತಿದ್ದಿ ಕೊಟ್ಮೇಲೆ. ಅಲ್ಲೀವರೆಗೂ ಅಮ್ಮ ಬಚ್ಚಿಟ್ಟಿದ್ರು. ಯಾರ ಕಡೆ ಗುಂಡಿ ಆದ್ರೇನು, ಈ ವಯಸ್ಸಿಗೆ ಯಾರನ್ನ ಕಂಡು ಹೆದರ್ಬೇಕು ನಾನು? ಒಂದು ಸಲ ನೋಡ್ಬಿಡ್ತೀನಿ."

ಆ ಗುಂಡಿಯನ್ನು ತಾನು ಮುಚ್ಚಿದ್ದಲ್ಲ, ಹೆರೆದು ತೆಗೆದದ್ದು, ಉಗುರಿನಷ್ಟೂ ಉಳಿಸಿಲ್ಲ ಎಂದು ಹೇಳಲು ಇದೇ ಸಮಯವಾಗಿತ್ತು. ಔಸ್ಮಾ ಬದಲಿಗೆ ಡಬ್ಬಿ ತೆರೆದು, ಹತ್ತಿಯನ್ನು ಕಡ್ಡಿಗೆ ಸುತ್ತಿ, ಕಾರ್ಡನ್ನು ಎಂದಿನಂತೆ ತಲೆಕೆಳಗು ಮಾಡಿದಳು. "ಅದ್ಯಾಕೆ ಉಲ್ಟಾ?" ಎಂದಳು ಹೆರ್ತಾ. "ಅಭ್ಯಾಸ," ಎಂದಳು ಇವಳು. ಕೋಟಿನ ಎಡಭುಜದಿಂದ ಶುರುಮಾಡಿದಳು. ಹತ್ತಿ ಮೊದಲು ಹಳದಿಯಾಯಿತು, ಆಮೇಲೆ ಬೂದು. ಎಷ್ಟು ಒಳ್ಳೆಯ ಬಣ್ಣ, ಎಷ್ಟು ಚೆನ್ನಾಗಿ ಹಿಡಿದಿತ್ತು ಎಂದು ಅವಳಿಗೆ ಒಂದು ಕ್ಷಣ ಹೆಮ್ಮೆಯೇ ಆಗಿ, ಹೆಮ್ಮೆಯಾದದ್ದಕ್ಕೆ ನಾಚಿಕೆಯಾಯಿತು. ಲಾಸ್ಮಾ ಮೇಜಿಗೆ ಬಗ್ಗಿದ್ದಳು, ಅವಳ ಕೂದಲು ಔಸ್ಮಾಳ ಕಿವಿಗೆ ತಾಗುತ್ತಿತ್ತು. ಬೂದು ಹೋದಲ್ಲಿ ಬಿಳಿ ಕಂಡಿತು. ಇನ್ನೂ ಒರೆಸಿದರೆ ಇನ್ನೂ ಬಿಳಿ, ಬ್ಲೇಡಿನ ಸಣ್ಣ ಸಣ್ಣ ಗೀರುಗಳು, ಒರಟು ಕಾಗದ. ಎದೆ, ಹೊಟ್ಟೆ, ಎರಡನೇ ಭುಜ. ಕೋಟು ಪೂರ್ತಿ ಹತ್ತಿಯಾಗಿ ಮೇಜಿನ ಮೇಲೆ ಗುಡ್ಡೆ ಬಿತ್ತು. ಕಾರ್ಡಿನಲ್ಲಿ ಉಳಿದದ್ದು ಗಾಳಿಯಲ್ಲಿ ತೇಲುವ ಒಂದು ತಲೆ.

"ಇದೇನು ಮೇಡಂ, ಕೆಳಗೆ ಏನೂ ಇಲ್ಲವಲ್ಲ?" ಲಾಸ್ಮಾಳ ಧ್ವನಿಯಲ್ಲಿ ಮೋಸಹೋದವರ ಸಿಟ್ಟಿತ್ತು.

"ಹೆರೆದಿದ್ದೆ."

"ಮೊದಲೇ ಹೇಳ್ಬಾರ್ದಿತ್ತಾ! ಸರಿ, ಹೋಗ್ಲಿ, ಯಾವುದಿತ್ತು ಹೇಳಿ. ನಿಮ್ಮ ಹೇಳಿಕೆ ಅಂತಲೇ ಬರ್ಕೋತೀನಿ. ಜರ್ಮನ್ನಾ? ಕೆಂಪಾ?"

"ನೋಡಿಲ್ಲ."

"ನೋಡದೆ ಹೇಗೆ ಹೆರೀತೀರಿ?"

ಹೇಗೆ ಹೆರೆಯುತ್ತಾರೆ ಎಂದು ಈ ಹುಡುಗಿಗೆ ಹೇಗೆ ತಿಳಿಸುವುದು. ನೂರಾರು ಎದೆಗಳನ್ನು ಹೀಗೇ ಬೋಳಿಸಿದ್ದೇನೆ, ಒಂದನ್ನೂ ನೋಡಿಲ್ಲ, ನೋಡದೆ ಇರುವುದೇ ನನ್ನ ಕಸುಬಾಗಿತ್ತು ಎಂದು ಹೇಳಿದರೆ ಅದನ್ನೂ ಬರೆದುಕೊಂಡು ಯಾವುದಾದರೂ ಗೋಡೆಗೆ ಹಚ್ಚಿಯಾಳು. ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಗಿ ಔಸ್ಮಾ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು. ಹೆರ್ತಾ ಕಾರ್ಡನ್ನು ತನ್ನ ಕಡೆ ಎಳೆದುಕೊಂಡು, ನೆಟ್ಟಗೆ ತಿರುಗಿಸಿ, ಗುಂಡಿಗಳಿರಬೇಕಾದ ಬಿಳಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಬೆರಳಿನಿಂದ ಸವರಿದಳು. ಕೊನೆಗೆ, "ಹೋಗ್ಲಿ," ಎಂದಳು, "ಮುಖವಾದ್ರೂ ತೊಳೆದು ಕೊಡು. ಹೊಗೆ ಹಿಡಿದಿದೆ. ಕಲ್ಲಿಗೆ ಮುಖ ಸಾಕು."

"ಮುಖ ಬೇಡ."

"ಯಾಕೆ ಬೇಡ? ಕೊಡು ಇಲ್ಲಿ ಹತ್ತಿ."

"ಬಾಯಿ ಅವರದಲ್ಲ," ಎಂದಳು ಔಸ್ಮಾ. ಎಷ್ಟೋ ವರ್ಷ ಈ ಮಾತನ್ನು ಎಷ್ಟೋ ಬಗೆಯಲ್ಲಿ ಜೋಡಿಸಿಟ್ಟಿದ್ದಳು, ಮೊದಲು ಕ್ಷಮೆ, ಆಮೇಲೆ ಸೈರನ್ನಿನ ವಿಷಯ, ಆಮೇಲೆ ತನ್ನ ವಯಸ್ಸು. ಈಗ ಬಂದದ್ದು ಬರೀ ಇಷ್ಟು. "ಬ್ಲೇಡು ಜಾರಿತ್ತು. ಬಾಯಿ ಹೋಗಿತ್ತು. ನಮ್ಮಪ್ಪನ ಬಾಯಿ ಬರೆದೆ. ಮಿಕೆಲಿಸ್ ಅಂತ. ಮೀನಿನ ಕಾರ್ಖಾನೇಲಿದ್ರು."

ಹೆರ್ತಾ ಅವಳನ್ನು ನೋಡಿ ನಕ್ಕಳು. ನಿಜವಾಗಿಯೂ ನಗು ಬಂದು ನಕ್ಕಳು. "ನಿನ್ನದೊಂದು! ಹೊರಗಡೆ ಗೋಡೆ ನೋಡ್ಕೊಂಡು ಬಾ ಹೋಗು. ನಮ್ಮ ರೈವಿಸನ ಬಾಯಿ ಯಾರು ಬರೆದ್ರು, ಅದೂ ನೀನೇನಾ? ಇಡೀ ಸ್ಮಶಾನ ಹೇಳತ್ತೆ ಮುತ್ತಜ್ಜನ ಬಾಯಿ ಅಂತ."

"ಆಡುವವರು ಆಡ್ತಾರೆ. ನಾನೂ ಹೌದು ಅಂದಿದ್ದೆ."

"ಈಗ ಅಲ್ಲ ಅಂತೀಯ. ಒಬ್ಬಳೇ ಇದ್ದೂ ಇದ್ದೂ ತಲೆ ಕೆಟ್ಟಿದೆ ನಿಂಗೆ. ಗುಂಡಿ ತಿಂದೆ, ಈಗ ಬಾಯಿಗೂ ಬಂದೆ." ಹೀಗೆನ್ನುತ್ತಲೇ ಹೆರ್ತಾ, ಊಟ ಮುಗಿಸಿದ ಮಗುವಿನ ಬಾಯಿ ಒರೆಸುವವಳ ಹಾಗೆ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಕಾರ್ಡಿನ ತುಟಿಯ ಮೇಲೆ ಒತ್ತಿ ಉಜ್ಜಿದಳು. ಔಸ್ಮಾ ಕೈ ಚಾಚುವಷ್ಟರಲ್ಲಿ ಮುಗಿದುಹೋಗಿತ್ತು. ಮೂಗಿನ ಕೆಳಗೆ ಬಿಳಿ ಗೀರೊಂದು ಅಡ್ಡಕ್ಕೆ ಬಾಯಿ ತೆರೆದುಕೊಂಡಿತ್ತು. ಹೆರ್ತಾ ಕಾರ್ಡನ್ನು ನೋಡಲಿಲ್ಲ. ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅಲ್ಲಿ ಕಂದು ಬಣ್ಣದ ಒಂದು ಚಿಕ್ಕ ಕಲೆ ಇತ್ತು. ಲಾಸ್ಮಾ ಏನೋ ನೆಪ ಹೇಳಿ ಹೊರಗೆ ಹೋದಳು.

ಹೆರ್ತಾ ಕೇಳಿದಳು, "ಅಮ್ಮನಿಗೆ ಗೊತ್ತಿತ್ತಾ?"

"ಒಣಗಿದೆಯಾ ಅಂತ ಕೇಳಿದ್ರು. ಅಷ್ಟೇ."

"ಹಾಗಾದ್ರೆ ಗೊತ್ತಿತ್ತು." ಹೆರ್ತಾ ಕೈಚೀಲದಿಂದ ಕರವಸ್ತ್ರ ತೆಗೆದಳು, ಹೆಬ್ಬೆರಳು ಒರೆಸಿಕೊಳ್ಳಲು ಹೋಗಿ ನಿಲ್ಲಿಸಿದಳು. "ಎಷ್ಟು ದಿನ ಅದಕ್ಕೆ ಮುತ್ತು ಕೊಟ್ಟಿದ್ದೀನಿ ಗೊತ್ತಾ? ಮಲಗೋ ಮುಂಚೆ, ಅಮ್ಮ ಸತ್ತ ಮೇಲೆ, ಮೂವತ್ತನಾಲ್ಕು ವರ್ಷದ ಹೆಂಗಸು, ಮಕ್ಕಳ ಥರ. ಯಾರಿಗೆ ಕೊಟ್ಟೆ? ಮೀನಿನ ಕಾರ್ಖಾನೆಯವನಿಗೆ!" ಧ್ವನಿ ಏರಿತು. "ಬರಿ. ಇನ್ನೊಂದು ಸಲ ಬರಿ ಈಗ. ಕುಂಚ ತಂದಿದ್ದೀಯಲ್ಲ. ಬಾಯಿ ಇಲ್ಲದೆ ಹೇಗೆ ಬಿಟ್ಟು ಹೋಗಲಿ ಇದನ್ನ?"

ಔಸ್ಮಾ ಬಣ್ಣದ ಬಿಲ್ಲೆಗೆ ನೀರು ಹಾಕಿದಳು. ಕಾರ್ಡು ತಲೆಕೆಳಗು ಮಾಡಿದಳು. ಅಡುಗೆಮನೆಯ ಬೆಂಚು ಬಂತು, ಆಲೂಗಡ್ಡೆಯ ಸಿಪ್ಪೆ ಬಂತು, ಮೀನಿನ ವಾಸನೆಯ ಜಾಕೀಟು ಬಂತು. ಬಾಯಿ ಬರಲಿಲ್ಲ. ನಲವತ್ತು ವರ್ಷ ಅದನ್ನು ದಾರಿಯಲ್ಲಿ ನಿಂತು ನೆಟ್ಟಗೆ ನೋಡಿ ನೋಡಿ, ಬೆಂಚಿನ ಮೇಲಿದ್ದದ್ದು ಎಲ್ಲಿ ಕಳೆದುಹೋಯಿತೋ. ಒಂದು ಗೆರೆ ಎಳೆದಳು. "ಇದಲ್ಲ," ಎಂದಳು ಹೆರ್ತಾ. ಒರೆಸಿ ಇನ್ನೊಂದು ಎಳೆದಳು. "ಇದೂ ಅಲ್ಲ. ಇದು ಯಾರೋ ಗುಮಾಸ್ತ." ಮೂರನೆಯದಕ್ಕೆ ಕಾಗದವೇ ಎದ್ದು ಬಂತು. ಔಸ್ಮಾಳಿಗೆ ಕುಂಚವನ್ನು ಮುರಿದು ಎಸೆಯಬೇಕೆನ್ನಿಸಿತು. ತನ್ನ ಅಪ್ಪನ ಬಾಯಿ ಸರಿಯಿಲ್ಲವೆಂದು ತನಗೆ ಹೇಳುವವಳು ಇವಳು, ಮತ್ತು ಇವಳು ಹೇಳುವುದು ಸರಿ. ಇದಕ್ಕಿಂತ ಅವಮಾನ ಇನ್ನೇನಿದೆ.

ಲಾಸ್ಮಾ ಹಿಂತಿರುಗಿದಾಗ ಮೇಜಿನ ಮೇಲೆ ಬಾಯಿಯಿಲ್ಲದ ತಲೆಯೊಂದೇ ಇತ್ತು. ಹಾಗೇ ಕೊಡಿ, ಸೈನ್ಯ ತಿಳಿದಿಲ್ಲ ಎಂದು ಬರೆದು ಬಾಗಿಲ ಪಕ್ಕ ಹಾಕುತ್ತೇನೆ ಎಂದಳು. "ನಾನು ಕೊಡಲ್ಲ," ಎಂದು ಹೆರ್ತಾ ಅದನ್ನು ಕೈಗವಸಿನೊಳಗೆ ತೂರಿಸಿಕೊಂಡು ಎದ್ದಳು. ಬಾಚುಕೋಲನ್ನು ಎತ್ತಿ ಔಸ್ಮಾಳ ಕೈಗೆ ತುರುಕಿದಳು. "ಹಿಡ್ಕೋ. ಸ್ಮಶಾನಕ್ಕೆ ಬಾ ನನ್ನ ಜೊತೆ. ಕಲ್ಲಿನ ಮೇಲೆ ಹಳೇದು ಇದೆಯಲ್ಲ, ನೋಡಿ ಬರಿ."

ಟ್ರಾಮಿನಲ್ಲಿ ಬಾಚುಕೋಲು ಈ ಸಲ ಔಸ್ಮಾಳ ಕೈಯಲ್ಲಿತ್ತು. ತಿರುವಿನಲ್ಲಿ ಅದು ಎದುರಿನ ಹುಡುಗಿಯ ಮೊಣಕಾಲಿಗೆ ತಾಗಿತು. ಕ್ಷಮಿಸಿ ಎನ್ನಲು ಔಸ್ಮಾಳಿಗೂ ನೆನಪಾಗಲಿಲ್ಲ. ಹೆರ್ತಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಬಲಗೆನ್ನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು, ಹಲ್ಲುನೋವಿನವರ ಹಾಗೆ. ಇಳಿಯುವ ಹೊತ್ತಿಗೆ ಗಾಳಿ ಎದ್ದಿತ್ತು. ಈ ಊರಿನ ಗಾಳಿ ಯಾವ ಸೈನ್ಯಕ್ಕೂ ಸೇರದ್ದು, ಎಲ್ಲರ ಟೋಪಿಯನ್ನೂ ಹಾರಿಸಿದೆ. ಪೈನ್ ಮರಗಳ ಕೆಳಗೆ ಮಂದಿ ಬಗ್ಗಿ ಮರಳು ಬಾಚುತ್ತಿದ್ದರು. ಒಬ್ಬರ ಬೆನ್ನು ಇನ್ನೊಬ್ಬರಿಗೆ ತಾಗುವಷ್ಟು ಜನ, ಆದರೂ ಕೋಲಿನ ಹಲ್ಲು ಮರಳಲ್ಲಿ ಸರಿಯುವ ಸದ್ದೊಂದೇ. ಲೀಬಾಳ ಕಲ್ಲು ಬಂತು. ಹಣೆಯಿಂದ ಕಿವಿಯ ತನಕ ಬಿರುಕು ಬಿಟ್ಟ ಪಿಂಗಾಣಿಯಲ್ಲಿ ಬೂದು ಕೋಟಿನವನು, ಏನೋ ತಮಾಷೆ ಹೇಳಲು ಹೊರಟು ಬೇಡವೆಂದು ಬಿಟ್ಟವನ ಬಾಯಿ. ಔಸ್ಮಾ ಎಂದಿನ ಜಾಗದಲ್ಲಿ, ದಾರಿಯಲ್ಲೇ ನಿಂತುಬಿಟ್ಟಳು.

"ನಿಂತೆಯಲ್ಲ? ಒಳಗೆ ಹೋಗು."

"ಮರಳು..."

"ಹೋದ ವಾರ ಬಾಚಿದ್ದು, ಹಾಳಾಗಿದೆ. ಹೇಗೂ ಬಾಚ್ಬೇಕು. ನನ್ನ ಸೊಂಟ ಬಗ್ಗಲ್ಲ, ನೀನೇ ಬಾಚು. ದಯೆ ಗಿಯೆ ಅಂತ ತಿಳ್ಕೋಬೇಡ. ಮೊದಲು ಬಾಯಿ ಬರ್ಕೋ, ಆಮೇಲೆ ಹಿಂದೆ ಹಿಂದೆ ಬಾಚ್ಕೊಂಡು ಬಾ."

ಔಸ್ಮಾ ಮರಳಿಗೆ ಕಾಲಿಟ್ಟಳು. ನಾಲ್ಕು ಹೆಜ್ಜೆ. ನಲವತ್ತು ವರ್ಷ ದೂರದಿಂದ ನೋಡಿದ್ದರ ಮುಂದೆ ಮಂಡಿಯೂರಿ ಕನ್ನಡಕ ಹಾಕಿಕೊಂಡಳು. ಎಷ್ಟು ಹತ್ತಿರವೆಂದರೆ ಉಸಿರಿಗೆ ಪಿಂಗಾಣಿ ಮಸುಕಾಯಿತು. ತೋಳಿನಿಂದ ಒರೆಸಿ ನೋಡಿದಳು. ಅಲ್ಲಿ ಅಪ್ಪ ಇರಲಿಲ್ಲ. ಕುಂಚದ ಆರು ಎಳೆತಗಳಿದ್ದವು. ಮೊದಲ ಮೂರು ಹೆದರಿದ್ದು, ನಾಲ್ಕನೆಯದು ಎಲ್ಫ್ರೀಡಾ ಬರುವ ಮುಂಚೆ ಮುಗಿಸಬೇಕೆಂದು ಅವಸರ ಮಾಡಿದ್ದು, ಕೆಳತುಟಿಯ ಆ ಜಾರು, ಅವಳು ಇಷ್ಟು ವರ್ಷ ಅಪ್ಪನ ತಮಾಷೆ ಎಂದು ಪ್ರೀತಿಸಿದ್ದು, ಬಣ್ಣ ಜಾಸ್ತಿಯಾಗಿ ಇಳಿದದ್ದು. ಇಪ್ಪತ್ತಮೂರು ವರ್ಷದ ಹುಡುಗಿಯೊಬ್ಬಳ ಕೈನಡುಕ. ಬೇರೇನೂ ಇಲ್ಲ. ಬರೆದುಕೊಳ್ಳಲು ಜೇಬಿನಿಂದ ತೆಗೆದ ಚೀಟಿಯ ಮೇಲೆ ಪೆನ್ಸಿಲು ಇಟ್ಟವಳು ಎತ್ತಿಬಿಟ್ಟಳು. ಅವಳಿಗೆ ಅಳು ಬರಲಿಲ್ಲ, ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದ, ಎಲ್ಲಿ ಹಾಕುವುದೆಂದು ತಿಳಿಯದ ಕೋಪ. ಸೈರನ್ನಿನ ಮೇಲೆ, ಒಣಗಿದೆಯಾ ಎಂದವಳ ಮೇಲೆ, ಕುರ್ಚಿಯಲ್ಲಿ ಒಂದು ಸಲ ಕೂರದೆ ಹೋದ ಅಪ್ಪನ ಮೇಲೆ.

"ಬರ್ಕೊಂಡೆಯಾ?" ದಾರಿಯಿಂದ ಹೆರ್ತಾ ಕೂಗಿದಳು.

"ಇಲ್ಲ. ಇಲ್ಲಿಂದ ಕಾಣ್ತಿಲ್ಲ."

ಹುಚ್ಚಿ ಎಂದು ಬೈಯುತ್ತಾಳೆಂದುಕೊಂಡಳು. ಹೆರ್ತಾ ಬಾಚುಕೋಲಿನ ಕಡೆ ಕೈ ತೋರಿಸಿದಳು. ಔಸ್ಮಾ ಎದ್ದು, ಬಾಚುಕೋಲು ತೆಗೆದುಕೊಂಡು, ಕಲ್ಲಿನ ಬುಡದಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಚತೊಡಗಿದಳು. ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ, ಮೀನಿನ ಮುಳ್ಳಿನ ಹಾಗೆ. ತನ್ನ ಹೆಜ್ಜೆಗಳು ಒಂದೊಂದಾಗಿ ಮುಚ್ಚಿಹೋಗುತ್ತಿದ್ದವು. ದಾರಿಯ ಅಂಚಿಗೆ ಹಿಮ್ಮಡಿ ತಾಗಿದಾಗ ತಲೆಯೆತ್ತಿದಳು. ಎಳೆತಗಳೆಲ್ಲ ಮತ್ತೆ ಕೂಡಿಕೊಂಡಿದ್ದವು. ಅಪ್ಪ ಬೆಂಚಿನಿಂದ ಈಗಷ್ಟೇ ಎದ್ದು ಕೂತ ಹಾಗೆ, ಗಂಜಿಯ ವಿಷಯ ಹೇಳಲೋ ಬೇಡವೋ ಎಂಬ ಹಾಗೆ ನೋಡುತ್ತಿದ್ದ. ಪಕ್ಕದಲ್ಲಿ ಹೆರ್ತಾಳೂ ಅದನ್ನೇ ನೋಡುತ್ತಿದ್ದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಂಡಿದ್ದಳು.

"ಹೊಸದು ಬೇಡ. ಇದೇ ಇರಲಿ, ಒಡೆದ್ರೂ," ಎಂದಳು ಹೆರ್ತಾ. ಆಮೇಲೆ ಕಣ್ಣು ಕಿರಿದು ಮಾಡಿ, "ಕಸುಬು ಮಾಡಿದವಳಂತೆ! ಅಲ್ಲಿ ನೋಡು, ಕಲ್ಲಿನ ಹತ್ತಿರ, ನಿನ್ನದೊಂದು ಹೆಜ್ಜೆ ಹಾಗೇ ಬಿಟ್ಟಿದ್ದೀಯ," ಎಂದಳು.

ಹೌದು, ಬಿಟ್ಟಿತ್ತು. ದಾರಿಯಿಂದ ಕೋಲು ಚಾಚಿದರೆ ನಿಲುಕುತ್ತಿರಲಿಲ್ಲ. ಅಳಿಸಬೇಕೆಂದರೆ ಬಾಚಿದ್ದನ್ನೆಲ್ಲ ತುಳಿದು ಪುನಃ ಒಳಗೆ ಹೋಗಬೇಕು. ಔಸ್ಮಾ ಬೂಟಿನ ದಾರ ಬಿಗಿಮಾಡಲು ಬಗ್ಗಿದಳು.

ಹೆರ್ತಾ ಅವಳ ತೋಳು ಹಿಡಿದಳು. "ಇರಲಿ ಬಿಡು. ನಾಳೆ ಕೇಳಿದವರಿಗೆ ಮಿಕೆಲಿಸನ ಮಗಳದು ಅಂತೀನಿ."